ಟ್ರೈಪಾಡ್ ಮೇಲೆ ನಿಂತ ನನ್ನ ಗುರಿ

ನನ್ನ ಕೈ ನಡುಗುವುದು ವಯಸ್ಸಿನಿಂದ ಬಂದದ್ದಲ್ಲ. ತಾಳಿ ಕಟ್ಟುವಾಗಲೂ ನಡುಗಿತ್ತು. ಮೂರನೆಯ ಗಂಟನ್ನು ನಮ್ಮಕ್ಕನೇ ಹಾಕಬೇಕಾಯಿತು. ಇಂಥವನು ಬಂದೂಕಿನ ತಂಟೆಗೆ ಹೋಗಬಾರದು. ಆದರೆ ನಮ್ಮ ತೋಟದ ಕೋತಿಗಳು ಎಳನೀರು ಕಿತ್ತು ಕುಡಿದು ಬುರುಡೆಯನ್ನು ನನ್ನ ಮೇಲೇ ಎಸೆಯತೊಡಗಿದಾಗ ರೋಸಿಹೋಗಿ ಒಂದು ಏರ್ ರೈಫಲ್ ತಂದೆ. ಹೊಡೆಯುವುದಕ್ಕಲ್ಲ, ತೋರಿಸಿ ಹೆದರಿಸುವುದಕ್ಕೆ. ಎರಡು ದಿನ ಹೆದರಿದವು. ಮೂರನೆಯ ದಿನ ನನ್ನ ಕೈಯನ್ನು ಸರಿಯಾಗಿ ನೋಡಿದವೋ ಏನೋ, ಕುಳಿತಲ್ಲಿಂದ ಏಳಲೇ ಇಲ್ಲ.

ಈ ಸುದ್ದಿ ಹಂದನಕೆರೆಯ ನನ್ನ ಭಾಮೈದ ಷಡಕ್ಷರಿಗೆ ಮುಟ್ಟಿತು. ಕಾಲೇಜಿನಲ್ಲಿ ಗುರಿ ಹೊಡೆದು ಕಪ್ ಗೆದ್ದವನು ಅವನು. "ಭಾವ, ಬಂದೂಕು ನಂಗ್ ಕೊಟ್ಬುಡಿ. ನಿಮ್ ಕೈಲಿದ್ರೆ ಅದರ ಮರ್ಯಾದೆನೂ ಹೋಯ್ತದೆ" ಎಂದ. ಅದೂ ನನ್ನ ಹೆಂಡತಿ ಗಿರಿಜೆಯ ಎದುರಿಗೆ. ನನಗೆ ಮೈಯೆಲ್ಲ ಉರಿಯಿತು. "ಭಾನುವಾರ ಬಾರಪ್ಪ. ಮೂವತ್ತು ಹೆಜ್ಜೆ ದೂರದಿಂದ ತೆಂಗಿನಕಾಯಿಗೆ ಹೊಡೀತೀನಿ. ತಪ್ಪಿದ್ರೆ ಬಂದೂಕು ನಿಂದು" ಎಂದುಬಿಟ್ಟೆ.

ಮಾತು ಬಾಯಿಂದ ಹೊರಟ ಮೇಲೆ ಉಪಾಯ ಹುಡುಕುತ್ತ ಮೊಬೈಲು ಹಿಡಿದು ಕುಳಿತೆ. ಬಂದೂಕನ್ನು ಟ್ರೈಪಾಡ್ ಮೇಲಿಟ್ಟರೆ ಅಲುಗಾಡುವುದಿಲ್ಲವೆಂದು ವಿಡಿಯೊವೊಂದರಲ್ಲಿ ಯಾರೋ ಹೇಳುತ್ತಿದ್ದರು. ತಿಪಟೂರಿನಲ್ಲಿ ಮದುವೆ ವಿಡಿಯೊ ತೆಗೆಯುವ ಗೆಳೆಯನೊಬ್ಬನಿಂದ ಟ್ರೈಪಾಡ್ ಎರವಲು ತಂದೆ. ಬಸ್ಸಿನಲ್ಲಿ ಪಕ್ಕದವರು ಅದನ್ನು ನೋಡಿ, "ಸರ್ವೆಯೋರಾ? ನಮ್ ಬದು ಒಸಿ ಅಳೆದುಕೊಡಿ ಸಾರ್" ಎಂದು ಗಂಟುಬಿದ್ದರು. ಅಲ್ಲವೆಂದರೂ ನಂಬದೆ, ಇಳಿಯುವಾಗ ತಮ್ಮ ಊರಿನ ಹೆಸರು ಎರಡೆರಡು ಸಲ ಹೇಳಿ ಹೋದರು.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಒಂದು ಕಾಯಿ ಇಳಿಸಿ, ತೋಟದ ಮಣ್ಣಿನ ದಿಬ್ಬಕ್ಕೆ ಒರಗಿಸಿಟ್ಟೆ. ಬಂದೂಕನ್ನು ಸೈಕಲ್ ಟ್ಯೂಬಿನಿಂದ ಟ್ರೈಪಾಡಿಗೆ ಬಿಗಿದೆ. ಷಡಕ್ಷರಿ ಬಂದ ಮೇಲೆ, ಎಲ್ಲರೂ ನನ್ನ ಹಿಂದೆ ನಿಲ್ಲಬೇಕೆಂದೆ. "ಕಾಯಿ ಪಕ್ಕದಲ್ಲೇ ನಿಂತ್ಕೋತೀನಿ, ಅಲ್ಲಾದ್ರೆ ಭಯ ಇಲ್ಲ" ಎಂದಳು ಗಿರಿಜೆ. ಗದರಿಸಿ ಹಿಂದಕ್ಕೆ ಕರೆಸಿದೆ. ಉಸಿರು ಬಿಗಿಹಿಡಿದು ಟ್ರಿಗರ್ ಎಳೆದೆ.

ಕಾಯಿ ಇದ್ದಲ್ಲೇ ಇತ್ತು. ಓಡಿಹೋಗಿ ತಿರುಗಿಸಿ ತಿರುಗಿಸಿ ನೋಡಿದೆ, ಎಲ್ಲೂ ತೂತಿಲ್ಲ. ನಾರಿನಲ್ಲಿ ಮುಚ್ಚಿಹೋಗಿರಬೇಕೆಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಗಡಗಡ ಸದ್ದು. "ಕೇಳ್ರಪ್ಪಾ, ಗುಂಡು ಒಳಗೈತೆ" ಎಂದು ಕಾಯಿಯನ್ನು ಎತ್ತಿ ಹಿಡಿದೆ.

ಗಿರಿಜೆ ಕಾಯಿ ಇಸಿದುಕೊಂಡಳು. ಸುಲಿದು, ಚಿಪ್ಪು ಒಡೆದಳು. ಒಳಗಿಂದ ಒಂದು ಗೀರೂ ಇಲ್ಲದ, ದುಂಡನೆಯ ಕೊಬ್ಬರಿ ಗಿಟುಕು ಉರುಳಿ ಬಂತು. "ವರ್ಷ ಅಟ್ಟದಲ್ಲಿದ್ದ ಕಾಯಿ ಕಣ್ರೀ. ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿಂದ ಬಿಟ್ಕೊಂಡ್ರೆ ಸದ್ದು ಬರಲ್ವಾ? ತೆಂಗಿನ ಸೀಮೇಲಿ ಹುಟ್ಟಿದೋರು ನೀವು" ಎಂದಳು. ಹುಟ್ಟಿದ ಊರಿನ ಮಾನವನ್ನೂ ಕಳೆದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಷಡಕ್ಷರಿ ಪಕ್ಕದಿಂದ ಕೈ ಚಾಚಿ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದ. ಬಂದೂಕು ಕೂದಲೆಳೆಯಷ್ಟೂ ಅಲುಗಿಲ್ಲ. ಅದರ ಹಿಂದೆ ನಾನು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಟ್ರಿಗರ್ ಎಳೆಯುತ್ತಿದ್ದೇನೆ. ಅವನಿಗೇ ಪಾಪ ಅನ್ನಿಸಿರಬೇಕು. "ಹೋಗ್ಲಿ ಬುಡಿ ಭಾವ, ಇನ್ನೊಂದ್ಸಲ ಹೊಡೀರಿ. ಕಣ್ಣು ಬಿಟ್ಕೊಂಡು" ಎಂದು ಇನ್ನೊಂದು ಕಾಯಿ ಇಟ್ಟು ಬಂದ.

ಬಂದೂಕಿಗೆ ಕೆನ್ನೆಯಾನಿಸಿ ಕಣ್ಣು ಬಿಟ್ಟೆ. ಕಾಯಿ ನಿಚ್ಚಳವಾಗಿ ಕಂಡಿತು. ಕಂಡ ಕೂಡಲೇ ಟ್ರೈಪಾಡಿನ ಮೂರೂ ಕಾಲುಗಳು ನಡುಗತೊಡಗಿದವು. ಟ್ಯೂಬು ಬಿಚ್ಚಿ, ಬಂದೂಕನ್ನು ಷಡಕ್ಷರಿಯ ಕೈಗೆ ಕೊಟ್ಟೆ.