ತಂಪು ಕೋಣೆಯಲ್ಲಿ ಹನ್ನೆರಡು ಕ್ಯಾನು

ಅಂಕೋಲೆಯ ಹತ್ತಿರ ಇರುವ ನನ್ನ ಅಕ್ಕನ ಮನೆಯಲ್ಲಿ ತಂಪಾದ ಕೋಣೆ ಇರುವುದು ಒಂದೇ. ಅದರಲ್ಲಿ ಮಲಗುವುದು ಅಕ್ಕ ಅಲ್ಲ, ಭಾವನೂ ಅಲ್ಲ. ಯೂರಿಯಾ ನೀರು!

ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಇಪ್ಪತ್ತೆರಡು ವರ್ಷ ಪತ್ರಿಕೆಯ ಕೆಲಸ ಮಾಡಿದವನು ನಾನು. ಕಣ್ಣಾರೆ ಕಾಣದ್ದನ್ನು, ಇಬ್ಬರು ಖಚಿತಪಡಿಸದ್ದನ್ನು ಬರೆದು ಅಭ್ಯಾಸವಿಲ್ಲ. ಕ್ಯಾನುಗಳನ್ನು ಎಣಿಸಿದ್ದೇನೆ: ಹನ್ನೆರಡು. ಗೋಡೆಗೆ ತೂಗುಹಾಕಿದ ಉಷ್ಣಮಾಪಕ ನೋಡಿದ್ದೇನೆ: ಇಪ್ಪತ್ತೆಂಟು ಡಿಗ್ರಿ. ಅದೇ ಹೊತ್ತಿಗೆ ಜಗಲಿಯಲ್ಲಿ ಅಕ್ಕ ಹಳೆಯ ಕ್ಯಾಲೆಂಡರ್ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಎಷ್ಟು ಡಿಗ್ರಿ ಇತ್ತೆಂದು ತಿಳಿಯುವ ಉಪಾಯವಿಲ್ಲ. ಜಗಲಿಗೆ ಮಾಪಕ ಹಾಕಿರಲಿಲ್ಲ.

ಭಾವನ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಟೆಂಪೋ ಓಡಿಸುವ ಭಾವಂದಿರು ಎಷ್ಟೋ ಜನ ಇದ್ದಾರೆ, ಹುಡುಕಲು ಹೋಗಬೇಡಿ.

ಯೂರಿಯಾ ನೀರು ಎಂದರೆ ಹೊಸ ಡೀಸೆಲ್ ಗಾಡಿಗಳ ಹೊಗೆಯಲ್ಲಿರುವ ವಿಷ ಕಡಿಮೆ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ. ಕ್ಯಾನಿನ ಮೇಲೆ ಡಿಇಎಫ್ ಎಂದು ಬರೆದಿರುತ್ತದೆ. ಟೆಂಪೋ ಸ್ಟ್ಯಾಂಡಿನವರು ಡೆಫ್ ಎನ್ನುತ್ತಾರೆ. ನೋಡಲು ನೀರಿನಂತೆಯೇ ಇರುತ್ತದೆ, ಆದರೆ ಬಹಳ ನಾಜೂಕು. ಬಿಸಿಲು ಆಗದು, ಧೂಳು ಆಗದು, ತಂಪಿನಲ್ಲಿಟ್ಟರೆ ಸುಮಾರು ಒಂದು ವರ್ಷ ಬಾಳುತ್ತದೆ. ಸೆಕೆಯಲ್ಲಿಟ್ಟರೆ ಅಷ್ಟರೊಳಗೇ ಕೆಟ್ಟು ಘಾಟು ಹೊಡೆಯುತ್ತದೆ. ಕೆಟ್ಟದ್ದನ್ನು ಹಾಕಿದರೆ ಗಾಡಿ ಮೊದಲು ಒಂದು ದೀಪ ಹೊತ್ತಿಸುತ್ತದೆ, ಆಮೇಲೆ ಮುಷ್ಕರ ಹೂಡುತ್ತದೆ.

ಆದರೆ ಡೆಫ್‌ಗಿಂತ ಮೊದಲು ಭಾವನ ಮೂಗಿನ ಬಗ್ಗೆ ಹೇಳಬೇಕು. ಅವನ ಮರ್ಯಾದೆಯೆಲ್ಲ ಇರುವುದು ಅದರಲ್ಲೇ.

ಭಾವನಿಗೆ ಸ್ವಲ್ಪ ಗದ್ದೆ ಇದೆ, ಆರು ಕರಿ ಇಶಾಡಿನ ಮರ ಇವೆ, ಒಂದು ಟೆಂಪೋ ಇದೆ. ಇಶಾಡು ಮಾವಿನ ತೊಟ್ಟಿನ ಹತ್ತಿರ ಮೂಗಿಟ್ಟು, ‘ಇದು ನಾಳೆ, ಇದು ನಾಡಿದ್ದು, ಇದು ನೆಂಟರಿಗೆ’ ಎಂದು ವಿಂಗಡಿಸುತ್ತಿದ್ದ. ಪೇಟೆಯಲ್ಲಿ ಮೀನು ಮಾರುವ ಹೆಂಗಸರು ಅವನು ಬರುವುದನ್ನು ಕಂಡರೆ ನಿನ್ನೆಯ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸುತ್ತಿದ್ದರು. ಮದುವೆಯಾದ ಹೊಸದರಲ್ಲೇ ಅವನಿಗೆ ಒಂದು ಚಟ ಅಂಟಿತ್ತು. ಮಧ್ಯಾಹ್ನ ಮನೆಯ ಗೇಟಿನಲ್ಲಿ ನಿಂತು, ಒಮ್ಮೆ ಉಸಿರೆಳೆದು, ಒಳಗೆ ಕುದಿಯುತ್ತಿರುವ ಸಾರು ಯಾವುದೆಂದು ಕೂಗಿ ಹೇಳುವುದು.

“ಇವತ್ತು ಬಂಗಡೆ. ತೆಪ್ಪಲಕಾಯಿ ನಾಲ್ಕು ಕಡ್ಮೆ ಬಿದ್ದದೆ.”

“ಎಣಿಸಿ ಹಾಕೂಕೆ ನಾನೇನು ಬ್ಯಾಂಕಿನವ್ಳಾ?” ಎಂದು ಒಳಗಿನಿಂದ ಅಕ್ಕ. ಆದರೆ ಆ ಘಮದ ಮಸಾಲೆಕಾಯಿ ನಾಲ್ಕು ಮತ್ತೆ ಸಾರಿಗೆ ಬೀಳುತ್ತಿದ್ದವು.

ಹೊಸ ಟೆಂಪೋ ಬಂದ ವರ್ಷ ಭಾವ ಮೊದಲ ಎರಡು ಕ್ಯಾನು ಡೆಫ್ ತಂದ. ಕ್ಯಾನಿನ ಮೇಲೆ ‘ಶುದ್ಧವಾಗಿ ಇಡಿ’ ಎಂದು ಬರೆದಿತ್ತು. ನಮ್ಮ ಕಡೆಯ ಮನೆಗಳಲ್ಲಿ ಶುದ್ಧ ಎಂದರೆ ಯಾವುದು? ಪ್ಲಾಸ್ಟಿಕ್ಕೇ? ಭಾವ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಅಟ್ಟದಿಂದ ಇಳಿಸಿದ, ಹುಣಿಸೆಹಣ್ಣು ಹಾಕಿ ಫಳಫಳ ಬೆಳಗಿದ, ಎರಡೂ ಕ್ಯಾನನ್ನು ಅದಕ್ಕೆ ಸುರಿದು ಬಿಳಿ ಪಂಚೆಯಿಂದ ಬಾಯಿ ಕಟ್ಟಿದ. ಕೆಲವು ವಾರ ಕಳೆದ ಮೇಲೆ ನೀರಿಗೆ ತಿಳಿ ನೀಲಿ ಬಣ್ಣ ಬಂತು. ಭಾವ ಮೂಗಿಟ್ಟು ನೋಡಿ, “ವಾಸನೆ ಬರೋಬರ್ ಅದೆ. ತಾಮ್ರದ ಸತ್ವ ಬಿಟ್ಟದೆ,” ಎಂದು ಗಾಡಿಗೆ ಹಾಕಿದ.

ಗಾಡಿ ದೀಪ ಹೊತ್ತಿಸಿತು. “ಹೊಸ ಗಾಡಿ, ಒಂದೊಂದು ದೀಪ ಹತ್ತೂದೇ,” ಎಂದ ಭಾವ. ಮರುದಿನ ಕಾರವಾರಕ್ಕೆ ಸೀರೆ ಕೊಳ್ಳಲು ಹೊರಟ ಹೆಂಗಸರನ್ನು ತುಂಬಿಕೊಂಡು ಹೋದವನು, ಅವರ್ಸಾದಲ್ಲಿ ಚಹಾಕ್ಕೆಂದು ನಿಲ್ಲಿಸಿದ. ನಿಲ್ಲಿಸಿದ ಗಾಡಿ ಮತ್ತೆ ಹೊರಡಲಿಲ್ಲ. ಹೆಂಗಸರು ಬಸ್ಸು ಹಿಡಿದು ಹೋದರು. ಕಾರವಾರದಿಂದ ಬಂದ ಮೆಕ್ಯಾನಿಕ್ ಟ್ಯಾಂಕಿನಿಂದ ಸ್ವಲ್ಪ ತೆಗೆದು ಬೆಳಕಿಗೆ ಹಿಡಿದ.

“ಇದ್ರಲ್ಲಿ ಎಂತ ಹಾಕಿದ್ರಿ?”

“ಎಂತದೂ ಹಾಕ್ಲಿಲ್ಲ. ತಾಮ್ರದ ಹಂಡೆಯಲ್ಲಿ ಇಟ್ಟಿದ್ದೆ, ಅಷ್ಟೇಯಾ.”

“ತಾಮ್ರ ನಿಮಗೆ ಒಳ್ಳೇದು ಮಾರಾಯ್ರೇ. ಗಾಡಿಗೆ ವಿಷ. ಪ್ಲಾಸ್ಟಿಕ್ಕಿಂದ ಪ್ಲಾಸ್ಟಿಕ್ಕಿಗೆ, ಅಷ್ಟೇ.”

ಮೂಗು ಪಾಸು ಮಾಡಿದ್ದನ್ನು ಗಾಡಿ ನಪಾಸು ಮಾಡಿದ್ದು ಅದೇ ಮೊದಲು. ಭಾವ ಅಂದಿನಿಂದ ಡೆಫ್ ವಿಷಯದಲ್ಲಿ ಪಂಡಿತನಾಗಲು ಹೊರಟ. ಕ್ಯಾನು ಮುಟ್ಟುವ ಮೊದಲು ಬೆರಳಿನ ತಾಮ್ರದ ಉಂಗುರ ತೆಗೆದಿಡುತ್ತಿದ್ದ. ಅದರ ಅಗತ್ಯವಿಲ್ಲವೆಂದು ಮೆಕ್ಯಾನಿಕ್ಕೇ ಹೇಳಿದರೂ ಬಿಡಲಿಲ್ಲ. ಹಂಡೆ ಬಚ್ಚಲಿಗೆ ಹೋಯಿತು.

ಕೆಲವು ತಿಂಗಳಲ್ಲೇ ಅವನ ಮೂಗು ಮಾನ ಉಳಿಸಿಕೊಂಡಿತು. ಸ್ಟ್ಯಾಂಡಿನಲ್ಲಿ ಒಬ್ಬ ತನ್ನ ಗಾಡಿಗೆ ಡೆಫ್ ಹಾಕಲು ಹೊರಟಿದ್ದ. ಭಾವ ಹತ್ತು ಹೆಜ್ಜೆ ದೂರದಿಂದ ಕೂಗಿದ: “ಹಾಕಬ್ಯಾಡ. ಆ ಲಾಳಿಕೆಯಲ್ಲಿ ಡೀಸೆಲ್ ಹೊಯ್ದಿದ್ರು.” ವಿಚಾರಿಸಿದರೆ ಮಾತು ಖರೆ. ಆ ಮಾತು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಬ್ಬಿ ಯಲ್ಲಾಪುರ ರಸ್ತೆಯ ರಾಮನಗುಳಿವರೆಗೂ ಹೋಯಿತು. ಚಾಲಕರು ಅನುಮಾನದ ಕ್ಯಾನುಗಳನ್ನು ಹೊತ್ತು ಅವನ ಮನೆಗೆ ಬರತೊಡಗಿದರು. ಭಾವ ಮುಚ್ಚಳ ತೆಗೆದು, ಮೂಗಿನತ್ತ ಕೈಯಿಂದ ಗಾಳಿ ಎಳೆದು, ಒಂದೇ ಶಬ್ದದಲ್ಲಿ ತೀರ್ಪು ಕೊಡುತ್ತಿದ್ದ. ‘ತಾಜಾ.’ ಅಥವಾ ‘ಚೆಲ್ಲು.’ ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮರುವರ್ಷದಿಂದ ಭಾವ ಇದ್ದಕ್ಕಿದ್ದಂತೆ ಮೂಗು ಬಿಟ್ಟು ತಾರೀಕು ಹಿಡಿದ. ವಿಚಿತ್ರ ಶುರುವಾದದ್ದು ಅಲ್ಲಿಂದ.

ಅಂಕೋಲೆಯಲ್ಲಿ ಕ್ಯಾನುಗಳನ್ನು ಬಿಸಿಲಿಗೆ ಜೋಡಿಸಿಡುತ್ತಾರೆಂದು ಅವನು ಕಾರವಾರದ ಒಂದು ಅಂಗಡಿಗೇ ಹೋಗುತ್ತಾನೆ. ಒಮ್ಮೆ ನಾನೂ ಜೊತೆಗಿದ್ದೆ. ಭಾವ ಟಾರ್ಚು ಹಿಡಿದು ಅಂಗಡಿಯ ಹಿಂಬದಿಯ ಕತ್ತಲಿಗೆ ನುಗ್ಗಿದ. ಒಂದೊಂದೇ ಕ್ಯಾನು ತಿರುಗಿಸಿ ತಯಾರಾದ ತಾರೀಕು ಓದಿದ. ಅಡಿಯಲ್ಲಿದ್ದದ್ದನ್ನು ಮೇಲೆ ತೆಗೆಸಿದ, ಮೇಲಿದ್ದದ್ದನ್ನು ಅಡಿಗೆ ಇಡಿಸಿದ. ಮುಕ್ಕಾಲು ಗಂಟೆ ಆಯಿತು. ಅಂಗಡಿಯವರು ಮನೆಯಲ್ಲಿ ಕೊಂಕಣಿ ಆಡುವವರು, ಸಹನೆ ಜಾಸ್ತಿ. ಅದೂ ಮುಗಿಯಿತು.

“ದಾದಾ, ನೀವು ಯೂರಿಯಾ ತಕಳೂಕೆ ಬಂದದ್ದಾ, ಹುಡುಗಿ ನೋಡೂಕೆ ಬಂದದ್ದಾ?”

“ಹುಡುಗಿ ನೋಡೂಕೆ ಹೋದಾಗ ತಾರೀಕು ಕೇಳ್ಲಿಲ್ಲ,” ಎಂದ ಭಾವ. “ಅದ್ಕೇ ಈಗ ಕೇಳೂದು.”

ನಾನು ಇದನ್ನು ಅಕ್ಕನಿಗೆ ವರದಿ ಮಾಡಲಿಲ್ಲ. ಎಲ್ಲ ಸತ್ಯವನ್ನೂ ಪ್ರಕಟಿಸಬೇಕೆಂಬ ನಿಯಮ ಇಲ್ಲ.

ತಂದ ಕ್ಯಾನುಗಳು ಒಳಕೋಣೆ ಸೇರಿದವು. ಮಣ್ಣಿನ ಗೋಡೆ, ಒಂದೇ ಕಿಟಕಿ. ಮೊದಲು ಅಲ್ಲಿ ಇಶಾಡು ಹಣ್ಣಾಗುತ್ತಿತ್ತು, ಗಂಡ ಹೆಂಡತಿ ಮಲಗುತ್ತಿದ್ದರು. ಮಾವು ಜಗಲಿಗೆ ಬಂತು. ಅದರ ಹಿಂದೆ ಹಾಸಿಗೆಯೂ ಬಂತು. ಕ್ಯಾನುಗಳು ನೆಲಕ್ಕೆ ತಾಗದಂತೆ ಮಂಚದ ಮೇಲೆ ಏರಿದವು. ಕಿಟಕಿಗೆ ಅಕ್ಕನ ಹಳೆಯ ಸೀರೆಯ ಪರದೆ ಬಂತು. ಹಳೆಯ ತಾರೀಕಿನದು ಮುಂದೆ, ಹೊಸದು ಹಿಂದೆ. ಒಮ್ಮೆ ತೆರೆದದ್ದಕ್ಕೆ ಕೆಂಪು ದಾರ.

“ಬಾಣಂತನದಲ್ಲೂ ನನಗೆ ಇಷ್ಟು ಆರೈಕೆ ಇರ್ಲಿಲ್ಲ ತಮಾ,” ಎಂದಳು ಅಕ್ಕ.

“ನೀ ತಾರೀಕು ಮುಗೀತು ಹೇಳಿ ಕೆಟ್ಟುಹೋಗ್ತ್ಯಾ?” ಎಂದ ಭಾವ.

“ಹೋಗಿದ್ರೆ ಗೊತ್ತಾಗ್ತಿತ್ತಾ ನಿಮಗೆ?”

ಭಾವ ಕೆಂಪು ದಾರದ ಗಂಟನ್ನು ಮತ್ತೊಮ್ಮೆ ಬಿಗಿದ. ನಾನು ಇದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಹುಚ್ಚು ಅಂಟುರೋಗ ಎಂದು ನನಗೆ ಅನಿಸಿದ್ದು ಕಳೆದ ಮೇ ತಿಂಗಳಲ್ಲಿ. ಎರಡು ದಿನ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಮೊದಲ ದಿನ ಹೊತ್ತು ನೆತ್ತಿಗೆ ಬರುವಾಗ ಅಕ್ಕ ಒಂದು ಕೋಲು ಹಿಡಿದು ಗೇಟಿನ ಪಕ್ಕದ ತೊಳೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದಳು. ಕಲ್ಲಿನ ಮೇಲೆ ಕೊಯ್ದು ಬಿಸಾಡಬೇಕಾದ ಬಂಗಡೆಯ ತಲೆ. ಎರಡು ಗಜ ದೂರದಲ್ಲಿ ಮನೆಯ ಬೆಕ್ಕು.

“ಬೆಕ್ಕಿನ ಪಾಲನ್ನು ಬೆಕ್ಕಿಗೆ ಕೊಡೂದಲ್ವಾ ಅಕ್ಕಾ?”

“ಕೊಡ್ತೆ, ಕೊಡ್ತೆ. ಗಡಿಬಿಡಿ ಎಂತದು ಅದ್ಕೆ?”

ಒಬ್ಬರು ಯೂರಿಯಾ ಕಾಯುತ್ತಾರೆ, ಇನ್ನೊಬ್ಬರು ಮೀನಿನ ತಲೆ ಕಾಯುತ್ತಾರೆ. ಇಂಥ ಮನೆಯಲ್ಲಿ ನಾನು ಯಾವುದನ್ನು ಕಾಯಬೇಕೆಂದು ಯೋಚಿಸುತ್ತ ಜಗಲಿಯಲ್ಲಿ ನಿದ್ದೆಹೋದೆ. ಎಚ್ಚರವಾದದ್ದು ಭಾವ ಗೇಟಿನಲ್ಲಿ ನಿಂತು ‘ಇವತ್ತು ಬಂಗಡೆ’ ಎಂದು ಕೂಗಿದಾಗ.

ಮರುದಿನ ಬೆಳಿಗ್ಗೆ ರಾಮನಗುಳಿಯ ಚಾಲಕನೊಬ್ಬ ಬಂದ. ಹೊಸ ಟೆಂಪೋ, ಮನೆಯವರೆಲ್ಲ ಸೇರಿ ತೆಗೆದದ್ದು. ಅವನ ಕೈಯಲ್ಲಿ ಅರ್ಧ ಖಾಲಿಯಾದ ಕ್ಯಾನು. ಬೇಸಿಗೆಯಿಡೀ ತಗಡಿನ ಮಾಡಿನ ಕೆಳಗೆ ಇತ್ತಂತೆ. ಅಂಗಳದಲ್ಲಿ ಇಟ್ಟು ಮುಚ್ಚಳ ತೆಗೆದ. ನಾನು ಜಗಲಿಯ ಮೇಲೆ ಕೂತಿದ್ದೆ. ಅಲ್ಲಿಗೇ ಘಾಟು ಬಡಿದು ಕಣ್ಣಲ್ಲಿ ನೀರು ಬಂತು.

ಭಾವ ತಾರೀಕು ಓದಿದ. ಇನ್ನೂ ಅವಧಿ ಇತ್ತು. ಗಾಜಿನ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಬಿಸಿಲಿಗೆ ಹಿಡಿದ. ಸ್ಫಟಿಕದಂತೆ ತಿಳಿಯಾಗಿತ್ತು.

“ಅದನ್ನೆಲ್ಲ ನಾನೂ ನೋಡ್ದೆ,” ಎಂದ ಚಾಲಕ. “ಮೂಗು ಇಡಿ ಒಮ್ಮೆ. ಅದ್ಕೇ ಬಂದದ್ದು ನಾ.”

ಭಾವ ಕೊಂಚ ತಡೆದ. ಆಮೇಲೆ ಬಗ್ಗಿ, ಕಣ್ಣು ಮುಚ್ಚಿ, ಕ್ಯಾನಿನ ಬಾಯಿಗೇ ಮೂಗಿಟ್ಟು ದೀರ್ಘವಾಗಿ ಉಸಿರೆಳೆದ. ನಾನಾಗಿದ್ದರೆ ಬಿದ್ದುಬಿಡುತ್ತಿದ್ದೆ. ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ.

“ತಾಜಾ. ಹಾಕು.”

ಚಾಲಕ ನನ್ನ ಮುಖ ನೋಡಿದ. ಮತ್ತೆ ಕ್ಯಾನು ನೋಡಿದ. “ನಂಗೆ ಮೂಗು ಉರ್ದಂಗಾಗಿತ್ತು,” ಎಂದ ಮೆಲ್ಲಗೆ. “ಆದ್ರೆ ನೀವು ಹೇಳಿದ್ಮೇಲೆ ಮುಗೀತು.” ಕ್ಯಾನು ಎತ್ತಿಕೊಂಡು ಗಾಡಿಯ ಕಡೆ ನಡೆದ.

ಬಾಯಿ ತೆರೆಯಬೇಕಾದವನು ನಾನು. ತೆರೆದರೆ ಭಾವನ ಮೂಗು ಅಂಗಳದಲ್ಲೇ ಉದುರುತ್ತದೆ. ತೆರೆಯದಿದ್ದರೆ ಆ ಮನುಷ್ಯನ ಗಾಡಿ ಕೆಡುತ್ತದೆ, ಆಗಲೂ ಉದುರುತ್ತದೆ. ನಾನು ಇನ್ನೂ ವಾಕ್ಯ ಜೋಡಿಸುತ್ತಿದ್ದಾಗ ಅಕ್ಕ ತುಂಬಿದ ಕೊಡ ಹೊತ್ತು ಅಂಗಳದಲ್ಲಿ ಅಡ್ಡ ಬಂದಳು. ನೇರ ಹೋಗಿ ಚಾಲಕನಿಗೆ ಡಿಕ್ಕಿ ಹೊಡೆದಳು. ಕ್ಯಾನು ಉರುಳಿತು, ಕೊಡ ಉರುಳಿತು. ಯೂರಿಯಾ ನೀರೂ ಬಾವಿಯ ನೀರೂ ಸೇರಿ ದಾಸವಾಳದ ಬುಡಕ್ಕೆ ಹರಿದವು.

“ಕಣ್ಣು ಕಾಣೂದಿಲ್ವಾ ನಿಂಗೆ?” ಎಂದು ಭಾವ ಗುಡುಗಿದ. “ತಾಜಾ ಮಾಲು!”

“ಕಾಣೂದಿಲ್ಲ,” ಎಂದಳು ಅಕ್ಕ. “ವಯಸ್ಸಾತು. ಒಳಗಿಂದ ಒಂದು ಹೊಸ ಕ್ಯಾನು ತಂದುಕೊಡಿ ಅವ್ರಿಗೆ, ಪಾಪ.”

ಚಾಲಕ ಹೊಸ ಕ್ಯಾನು ಹಾಕಿಕೊಂಡು ಹೋದ. ಭಾವ ಗೊಣಗುತ್ತ ಕಾರವಾರದ ಟ್ರಿಪ್ಪಿಗೆ ಹೊರಟ. ನಾನು ಅಡುಗೆಮನೆಗೆ ಹೋಗಿ ಅಕ್ಕನ ಎದುರು ಕೂತೆ.

“ಕಣ್ಣು ಕಾಣದೆ ಡಿಕ್ಕಿ ಹೊಡೆದದ್ದಲ್ಲ ಅದು.”

ಅಕ್ಕ ಆ ದಿನದ ನೊಗಲಿ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ. “ಟೆಂಪೋ ತಕಂಡ ಮರುವರ್ಷ ಊರಿಗೆಲ್ಲ ಜ್ವರ ಬಂದಿತ್ತಲ್ಲ. ಅವ್ರ ಮೈಯಿಂದ ಜ್ವರ ಹೋತು. ಹೋಗ್ತಾ ಮೂಗನ್ನೂ ತಕಂಡು ಹೋತು.”

“ಭಾವ ಹೇಳಿದ್ನಾ?”

“ಅವ್ರು ಹೇಳ್ತ್ರಾ? ಒಂದಿನ ಒಲೆ ಮೇಲೆ ಹಾಲು ಹೊತ್ತಿ ಹೋತು. ನಾ ಗದ್ದೆಯಿಂದ ಓಡಿ ಬಂದೆ. ಅವ್ರು ಒಲೆ ಪಕ್ಕದಲ್ಲೇ ನಿನ್ನ ಪೇಪರ್ ಓದ್ತಾ ಕೂತಿದ್ರು.” ಇನ್ನೊಂದು ಮೀನು ಎತ್ತಿಕೊಂಡು, “ನಂಗೆ ಗೊತ್ತಿದ್ದದ್ದು ಅವ್ರಿಗೆ ಗೊತ್ತಿಲ್ಲ. ನೀ ಬಾಯಿ ಬಿಡಬ್ಯಾಡ,” ಎಂದಳು.

ಟಾರ್ಚು, ತಾರೀಕು, ಕೆಂಪು ದಾರ, ಉಷ್ಣಮಾಪಕ, ಮಂಚ. ಹುಚ್ಚು ಎಂದು ನಾನು ಇಷ್ಟು ವರ್ಷ ನಗುತ್ತ ಬಂದದ್ದು ಒಬ್ಬ ಮನುಷ್ಯ ಕಳೆದುಹೋದ ಮೂಗಿನ ಜಾಗದಲ್ಲಿ ಒಂದೊಂದೇ ಇಟ್ಟುಕೊಂಡ ಊರುಗೋಲುಗಳಿಗೆ.

“ಮತ್ತೆ ನಿನ್ನೆ ಗೇಟಿನಲ್ಲಿ ನಿಂತು ಬಂಗಡೆ ಅಂದನಲ್ಲ? ಅದು ಹೆಂಗೆ?”

ಅಕ್ಕ ಎದ್ದಳು. ಕೊಯ್ದ ಮೀನಿನ ಒಂದು ತಲೆಯನ್ನು ಬೆರಳಲ್ಲಿ ಹಿಡಿದುಕೊಂಡು ಹೊರಗೆ ಹೋದಳು. ಗೇಟಿನ ಪಕ್ಕದ ಕಲ್ಲಿನ ಮೇಲೆ, ರಸ್ತೆಯಿಂದ ಬರುವವರಿಗೆ ಸರಿಯಾಗಿ ಕಾಣುವಂತೆ ಇಟ್ಟಳು. ಕೋಲು ತೆಗೆದುಕೊಂಡು ಕೂತಳು.

ವರದಿಗೆ ಎರಡು ಮೂಲ ಬೇಕು ಎಂದು ಮೊದಲೇ ಹೇಳಿದೆ. ಎರಡನೆಯದಕ್ಕೆ ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಮಧ್ಯಾಹ್ನ ಟೆಂಪೋ ಬಂದ ಸದ್ದು ಕೇಳುತ್ತಿದ್ದಂತೆ ಅಕ್ಕ ಕೋಲು ಬಿಟ್ಟು ಒಳಗೆ ಓಡಿದಳು. ನಾನು ಜಗಲಿಯ ಕಂಬದ ಹಿಂದೆ ಇದ್ದೆ. ಭಾವ ಗೇಟಿನಲ್ಲಿ ನಿಂತ. ಕಲ್ಲನ್ನು ನೋಡಿದ. ಆಮೇಲೆ ತಲೆ ಎತ್ತಿ, ಕಣ್ಣು ಮುಚ್ಚಿ ಉಸಿರೆಳೆದ.

“ಇವತ್ತು ನೊಗಲಿ.”

“ಹ್ಯಾಂಗೆ ಗೊತ್ತಾತು ನಿಮಗೆ?” ಎಂದು ಒಳಗಿನಿಂದ ಅಕ್ಕನ ದನಿ. ಅದರಲ್ಲಿದ್ದ ಬೆರಗು ಮದುವೆಯಾದ ವರ್ಷದಷ್ಟೇ ತಾಜಾ ಇತ್ತು.

ಭಾವ ಉತ್ತರ ಹೇಳುವ ಮೊದಲು ಬಗ್ಗಿ ಮೀನಿನ ತಲೆಯನ್ನು ಎತ್ತಿ ಕಾಯುತ್ತಿದ್ದ ಬೆಕ್ಕಿಗೆ ಹಾಕಿದ. ಬಕೆಟ್ಟಿನಿಂದ ಎರಡು ಚೊಂಬು ನೀರು ಹೊಯ್ದು, ಒಂದು ಹುರುಪೆಯೂ ಉಳಿಯದಂತೆ ಅಂಗೈಯಿಂದ ಕಲ್ಲನ್ನು ತಿಕ್ಕಿ ತೊಳೆದ. ಕೈ ಒರೆಸಿಕೊಂಡು, ಎಂದಿನ ಗತ್ತಿನಲ್ಲಿ ಹೇಳಿದ:

“ಮೂಗು ಅದೆ ಅಲ್ದಾ.”