ಸಣ್ಣ ಡೋಸಿನ ನಮ್ಮತ್ತೆ

ನಮ್ಮತ್ತೆ ದೇವರನ್ನೂ ಡ್ಯೂಟಿಗೆ ಹಾಕಿದ್ದಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಬೈಬಲಿನ ಒಂದು ವಾಕ್ಯ ಓದುವುದು, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಒಂದು ನಿಮಿಷ ಪ್ರಾರ್ಥನೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ದಿನ ತಾನು ಬೈದವರ ಹೆಸರು ನೆನೆದು ಕ್ಷಮೆ ಕೇಳುವುದು. ಆ ಹೊತ್ತಿನಲ್ಲಿ ದೇವರು ಬೇರೆ ಕಡೆ ಹೋಗಿರಲು ಸಾಧ್ಯವೇ? ಹೋದರೆ ಮರುದಿನ ನಮ್ಮತ್ತೆಗೆ ಉತ್ತರ ಕೊಡಬೇಕಲ್ಲ!

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ದೋಣಿಮಲೈಯ ಗಣಿ ಕಾಲೊನಿಯಲ್ಲಿ ವರ್ಷಗಟ್ಟಲೆ ನರ್ಸಾಗಿದ್ದು, ರಿಟೈರಾದ ಮೇಲೆ ಹೊಸಪೇಟೆಯ ನಮ್ಮ ಮನೆಗೆ ಬಂದು ಸೇರಿದವಳು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ, "ಹೇಳಿದ ಟೈಮಿಗೆ ಗುಳಿಗಿ ನುಂಗೋ ಗಂಡಸು ಒಬ್ಬನೂ ಸಿಗಲಿಲ್ಲಪಾ" ಎನ್ನುತ್ತಿದ್ದಳು. ಭಕ್ತಿಯಲ್ಲೂ ಅವಳದು ಅದೇ ಚಿಕಿತ್ಸೆ. "ಬಾಟ್ಲಿ ಎತ್ತಿ ಒಮ್ಮೆಲೆ ಕುಡಿದ್ರ ಜ್ವರ ಬಿಡತೈತೇನಲೇ? ಸಣ್ಣ ಡೋಸು, ದಿನಾ. ತಪ್ಪಿಸಬಾರ್ದು, ಅಷ್ಟ."

ಒಂದು ವರ್ಷ ಗುಡ್ ಫ್ರೈಡೇಗೆ ಮುಂಚಿನ ನಲವತ್ತು ದಿನವೂ ಉಪವಾಸ ಮಾಡುತ್ತೇನೆಂದು ನಾನು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಪಾಸ್ಟರ್ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಮನೆಗೆ ಬಂದವಳೇ, "ಅಷ್ಟೆಲ್ಲ ಬ್ಯಾಡ. ಚಾದಾಗಿನ ಸಕ್ರಿ ಬಿಡು, ನೋಡೋಣ" ಎಂದಳು. ಎಂಥ ಅವಮಾನ! ನಲವತ್ತು ದಿನದ ವೀರನಿಗೆ ಒಂದು ಚಮಚ ಸಕ್ಕರೆಯೇ? ಏನು ಹೇಳಲಿ, ಉಪವಾಸ ಮೊದಲ ದಿನ ಹನ್ನೊಂದು ಗಂಟೆಗೇ ಬಸ್ ಸ್ಟ್ಯಾಂಡ್ ಪಕ್ಕದ ಮಿರ್ಚಿ ಅಂಗಡಿಯಲ್ಲಿ ಮುಗಿಯಿತು. ಸೋತು ಸಕ್ಕರೆ ಬಿಟ್ಟೆ. ಅದು ಮೂರು ದಿನ ನಡೆಯಿತು. ನಾಲ್ಕನೆಯ ದಿನ ಗಾದಿಗನೂರಿಗೆ ಹೋದವನು ಅಲ್ಲಿ ಯಾರಿಗೂ ಕಾಣದಂತೆ ಒಂದು ಕಪ್ ಸಿಹಿ ಚಹಾ ಕುಡಿದೆ. ಸಂಜೆ ಮನೆ ಹೊಕ್ಕರೆ ಅತ್ತೆ, "ಗಾದಿಗನೂರು ಚಾ ಮಸ್ತ್ ಇತ್ತೇನು?" ಎಂದಳು. ಅವಳ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡವರು ಸುತ್ತಮುತ್ತ ಪ್ರತಿ ಊರಲ್ಲೂ ಇದ್ದಾರೆ ಎಂಬುದು ನನಗೆ ಮರೆತೇ ಹೋಗಿತ್ತು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. "ಒಂದು ಡೋಸು ತಪ್ಪಿತು, ಇರ್ಲಿ. ನಾಳಿಂದ ಮತ್ತ ಶುರು ಮಾಡು" ಎಂದು ಅಷ್ಟಕ್ಕೇ ಬಿಟ್ಟಳು.

ಇನ್ನೊಮ್ಮೆ ನೆಂಟರನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ಬಜಾರಿನ ನಟ್ಟನಡುವೆ ಹನ್ನೆರಡು ಹೊಡೆಯಿತು. ಅತ್ತೆ ಇದ್ದಲ್ಲೇ ನಿಂತು ಕಣ್ಣು ಮುಚ್ಚಿದಳು. ಹಂಪಿಯ ಆ ಬಿಸಿಲು ನಿಮಗೆ ಗೊತ್ತಲ್ಲ! ನಾವೂ ಅವಳ ಹಿಂದೆ ಸಾಲಾಗಿ ನಿಂತೆವು. ನಮ್ಮನ್ನು ನೋಡಿ ಪ್ರವಾಸಿಗರು ನಾಲ್ಕು ಜನ ನಿಂತರು, ಅವರನ್ನು ನೋಡಿ ಇನ್ನೂ ಹತ್ತು ಜನ. ಒಬ್ಬಾಕೆ ಮೆಲ್ಲಗೆ ಬಂದು, "ಅಮ್ಮಾರ, ಇಲ್ಲಿ ಏನೈತ್ರಿ ನೋಡಾಕ?" ಎಂದು ಕೇಳಿದಳು. ಅತ್ತೆ ನಿಮಿಷ ಪೂರ್ತಿ ಮುಗಿಸಿ, ಆಮೆನ್ ಹೇಳಿ, ಕಣ್ಣು ತೆರೆದು, "ಈಗ ಏನಿಲ್ರಿ, ಮುಗೀತು" ಎಂದಳು.

ಆದರೆ ಹಿಡಿ ಅಕ್ಕಿಯ ಕಥೆಯ ಮುಂದೆ ಇವೆಲ್ಲ ಏನೂ ಅಲ್ಲ. ದಿನಾ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ತುಂಬಿದ ಮೇಲೆ ಸಭೆಗೆ ಕೊಡುವುದು ನಮ್ಮವರ ಹಳೆಯ ರೂಢಿ. ಅತ್ತೆ ಬಂದ ಮೇಲೆ ಅದು ಒಂದು ದಿನವೂ ತಪ್ಪಿಲ್ಲ. ನನ್ನ ಹೆಂಡತಿ ಹೊಸದರಲ್ಲಿ ಎರಡು ಬೆರಳಲ್ಲಿ ತೆಗೆದದ್ದು ಕಂಡು, "ಯವ್ವಾ, ದೇವರೇನು ಗುಬ್ಬಿಯೇನು?" ಎಂದು ಕೇಳಿದವಳು ಅವಳು.

ನಮ್ಮಪ್ಪನ ನೌಕರಿ ಕಂಪ್ಲಿಯ ಅಕ್ಕಿ ಮಿಲ್ಲಿನಲ್ಲಿ. ಅಲ್ಲೇ ರೂಮು ಮಾಡಿಕೊಂಡಿದ್ದು, ಭಾನುವಾರ ಮಾತ್ರ ಬರುತ್ತಾನೆ. ಒಂದು ಭಾನುವಾರ ನಾವೆಲ್ಲ ಆರಾಧನೆಗೆ ಹೋದಾಗ, ಬರುವಷ್ಟರಲ್ಲಿ ಅನ್ನ ಮಾಡಿಡೋಣವೆಂದು ಕೈಗೆ ಸಿಕ್ಕ ಡಬ್ಬಿಯ ಅಕ್ಕಿ ಕುಕ್ಕರಿಗೆ ಸುರಿದ. ದೇವರ ಡಬ್ಬಿ! ಸೋನಾಮಸೂರಿ, ರೇಷನ್ ಅಕ್ಕಿ, ಬಿರಿಯಾನಿ ಅಕ್ಕಿ ಎಲ್ಲ ಅದರಲ್ಲೇ. ಒಂದು ಕಾಳು ಗಂಜಿಯಾಗಿದ್ದರೆ ಪಕ್ಕದ್ದು ಹಲ್ಲಿಗೆ ಕಟಕ್ಕೆನ್ನುತ್ತಿತ್ತು. ಅಕ್ಕಿಯ ನಡುವೆಯೇ ತಲೆ ನರೆತ ಮನುಷ್ಯನಿಗೆ ಅಷ್ಟೂ ಗೊತ್ತಾಗಬಾರದೇ?

"ದೇವರಿಗೆ ಎತ್ತಿಟ್ಟಿದ್ದನ್ನ ಕುದಿಸಿಬಿಟ್ಯೇನೋ ತಮ್ಮಾ!"

"ಕಡಿಮಿ ಬಿದ್ರ ದೇವರಿಗೆ ಮಿಲ್ಲಿಗೆ ಬರಾಕ ಹೇಳಕ್ಕಾ. ಮೂಟಿನ ಕೊಡ್ತೀನಿ. ನಾನೂ ಒಂದೆರಡು ಮಾತು ಕೇಳೋದೈತಿ."

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ.

ಅಪ್ಪ ದೇವರನ್ನು ಏನು ಕೇಳಬೇಕಿತ್ತೆಂದು ಅವಳಿಗೆ ಗೊತ್ತಿತ್ತು. ನಮ್ಮವ್ವ ಒಂಬತ್ತು ವರ್ಷದ ಹಿಂದೆ ತೀರಿಕೊಂಡಳು. ಮಣ್ಣು ಮಾಡಿ ಬಂದ ದಿನದಿಂದ ಅಪ್ಪ ಪ್ರಾರ್ಥನೆ ಬಿಟ್ಟಿದ್ದ. ಅತ್ತೆ ಅವನಿಗೆ ಒಮ್ಮೆಯೂ ಬುದ್ಧಿ ಹೇಳಲಿಲ್ಲ, ಪಾಸ್ಟರನ್ನು ಕರೆಸಲಿಲ್ಲ. ಭಾನುವಾರ ಊಟಕ್ಕೆ ಕುಳಿತಾಗ ಒಂದೇ ಮಾತು ಕೇಳುತ್ತಿದ್ದಳು: "ತಮ್ಮಾ, ಇವತ್ತು ನೀ ಪ್ರಾರ್ಥನಿ ಮಾಡ್ತೀಯೇನು?" ಅಪ್ಪನದೂ ಒಂದೇ ಉತ್ತರ: "ನೀನ ಮಾಡಕ್ಕಾ." ಅವಳೇ ಮಾಡುತ್ತಿದ್ದಳು. ಒಂಬತ್ತು ವರ್ಷ ಒಂದು ಭಾನುವಾರವೂ ಬಿಡದೆ ಕೇಳಿದ್ದಾಳೆ. ನಮಗೆಲ್ಲ ಅದು ಊಟಕ್ಕೆ ಮುಂಚಿನ ಒಂದು ಶಾಸ್ತ್ರವಾಗಿತ್ತು. ಅವಳು ನಿಜವಾಗಿ ಕಾಯುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ.

ಈ ವರ್ಷ ಅತ್ತೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ದನಿಗೆ ತೊಂದರೆ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಈಗ ಒಂದು ಪಿಸುಮಾತೂ ಹೊರಡುವುದಿಲ್ಲ. "ಬಂದ್ರೂ ಬರಬಹುದ್ರಿ, ಕಾಯಬೇಕು" ಎನ್ನುತ್ತಾರೆ.

ಅಯ್ಯೋ, ಮನೆ ಎಷ್ಟು ಬಿಕೋ ಎನ್ನುತ್ತದೆಂದರೆ! ಒಂದು ದಿನ ಬೇಕೆಂದೇ ಅವಳೆದುರು ಕುಳಿತು ಚಹಾಕ್ಕೆ ಮೂರು ಚಮಚ ಸಕ್ಕರೆ ಸುರಿದೆ. ನೋಡಿದಳು. ಬಾಯಿ ತೆರೆದಳು, ಮುಚ್ಚಿಕೊಂಡಳು. ಬೈಸಿಕೊಳ್ಳಬೇಕೆಂದು ನನಗೆ ಹುಟ್ಟಿದಾಗಿನಿಂದ ಅಷ್ಟು ಆಸೆ ಆದದ್ದಿಲ್ಲ.

ಅತ್ತೆ ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ಅಪ್ಪನೇ ಬಡಿಸಲು ನಿಂತ. ಎಲ್ಲರ ತಟ್ಟೆಯಲ್ಲಿ ಅನ್ನ ಹಬೆಯಾಡುತ್ತಿತ್ತು. ಯಾರೂ ಕೈ ಹಾಕಲಿಲ್ಲ, ಪ್ರಾರ್ಥನೆ ಆಗದೆ ಹಾಕುವ ಹಾಗಿರಲಿಲ್ಲ. ನಾನು ಮಾಡಬಹುದಿತ್ತು, ಮಾಡದೆ ತಟ್ಟೆ ನೋಡುತ್ತ ಕುಳಿತೆ. ಅತ್ತೆ ರೂಢಿಯಂತೆ ಅಪ್ಪನ ಕಡೆ ತಿರುಗಿದಳು. ತುಟಿ ಅಲುಗಿದವು, ಸದ್ದು ಬರಲಿಲ್ಲ. ತಲೆ ತಗ್ಗಿಸಿಬಿಟ್ಟಳು.

ಅಪ್ಪ ಸಾರಿನ ಸೌಟು ಕೆಳಗಿಟ್ಟ.

"ಕರ್ತನೇ" ಎಂದ. ಹೆಗಲ ಟವೆಲಿಗೆ ಕೈ ಒರೆಸಿಕೊಂಡ. ಆಮೇಲೆ, "ನನಗ ಇದು ರೂಢಿ ತಪ್ಪೈತಿ. ನಮ್ಮಕ್ಕ ಮಾತಾಡೋದು ಕೇಳಬೇಕು ಅನ್ನಸತೈತಿ. ಭಾಳ ಅನ್ನಸತೈತಿ. ಆಮೆನ್" ಎಂದ.

ಸೌಟು ಎತ್ತಿಕೊಂಡು ಮೊದಲು ಅಕ್ಕನ ತಟ್ಟೆಗೆ ಬಗ್ಗಿದ. ಅತ್ತೆ ಅವನ ಮಣಿಕಟ್ಟು ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ.

"ಬಿಡಕ್ಕಾ, ಸಾರು ಆರತೈತಿ" ಎಂದ ಅಪ್ಪ. ಎಂದನೇ ಹೊರತು ಕೈ ಎಳೆದುಕೊಳ್ಳಲಿಲ್ಲ.