ನೀಲವ್ವನ ನಾಲ್ಕನೆಯ ಸಾವು

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಸಿದ್ಧಾರೂಢ, ಕ್ಯಾಪ್ಟನ್ ನೀಲವ್ವನನ್ನು ಸೂರ್ಯನೊಳಗೆ ನೂಕಿ, ಕೈ ತೊಳೆದುಕೊಂಡು ಚಹಾ ಕುಡಿಯಲು ಕುಳಿತ. ನಾಲ್ಕು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಚಹಾ ಕುಡಿದದ್ದೇ ಇಲ್ಲ.

ನೀಲವ್ವ ಅವನೇ ಹುಟ್ಟಿಸಿದವಳು. ಗುಡಗೇರಿಯ ಸ್ಟೇಶನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಈ ಮನುಷ್ಯ ಪ್ರತಿ ಗುರುವಾರ ಊರಿನ ವಾಟ್ಸಾಪ್ ಗುಂಪಿಗೆ ಹತ್ತು ನಿಮಿಷದ ಕತೆಯೊಂದನ್ನು ತನ್ನದೇ ದನಿಯಲ್ಲಿ ಓದಿ ಕಳಿಸುತ್ತಿದ್ದ. ಹೆಸರು ‘ನೀಲವ್ವನ ಗಾಳಿಬಂಡಿ’. ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ಆಕಾಶಕ್ಕೆ ಬಂಡಿ ಹೂಡಿಕೊಂಡು ಹೋಗಿ, ಗ್ರಹದಿಂದ ಗ್ರಹಕ್ಕೆ ತಿರುಗುತ್ತ, ಕೆಟ್ಟವರನ್ನು ಬಡಿಯುತ್ತ, ಒಳ್ಳೆಯವರಿಗೆ ರೊಟ್ಟಿ ಬಡಿದು ಹಾಕುತ್ತ ಇರುವ ಕತೆ. ಮೊದಲ ಐವತ್ತು ಸಂಚಿಕೆ ಚೆನ್ನಾಗಿಯೇ ನಡೆಯಿತು. ಆಮೇಲೆ ಸಿದ್ಧಾರೂಢನ ತಲೆ ಬತ್ತಿತು, ಕತೆ ಮಾತ್ರ ನಿಲ್ಲಲಿಲ್ಲ. ಒಮ್ಮೆ ನೀಲವ್ವ ಸತ್ತಳು. ಮುಂದಿನ ವಾರ, ಸತ್ತವಳು ಅವಳ ಅವಳಿ ತಂಗಿ ಎಂದಾಯಿತು. ಆ ತಂಗಿಯ ಹೆಸರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಎರಡನೆಯ ಸಲ ಸತ್ತಾಗ ಕಾಲವನ್ನೇ ಹಿಂದಕ್ಕೆ ತಿರುಗಿಸಿದ. ಮೂರನೆಯ ಸಲ ಎಲ್ಲವೂ ಕನಸಾಗಿತ್ತು.

ಪ್ರತಿ ಸಂಚಿಕೆಗೂ ಕುತುಬುದ್ದೀನ ಮಾಸ್ತರರು ಅಂಕ ಕೊಡುತ್ತಿದ್ದರು. ಸಿದ್ಧಾರೂಢನಿಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾಗಿ, ಹೆಂಡತಿ ಅಜೀಜಾಬಿ ತೀರಿಕೊಂಡ ಮೇಲೆ ಸ್ಟೇಶನ್ನಿನ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದರು. ಕತೆ ಬಿದ್ದು ಕಾಲು ಗಂಟೆಯೊಳಗೆ ಅವರ ಸಂದೇಶ ಬರುತ್ತಿತ್ತು. ‘ಅವಳಿ ತಂಗಿ: ಹತ್ತಕ್ಕೆ ಎರಡು. ಸೋಮಾರಿತನ.’ ‘ಕಾಲಚಕ್ರ: ಒಂದು.’ ‘ಕನಸು: ಸೊನ್ನೆ.’ ಸೊನ್ನೆ ಕೊಟ್ಟವರು ಮುಂದಿನ ಗುರುವಾರವೂ ಏಳಕ್ಕೆ ಸರಿಯಾಗಿ ಕೇಳಲು ಕುಳಿತಿರುತ್ತಿದ್ದರು.

ಸಿದ್ಧಾರೂಢನಿಗೆ ಈ ಕತೆ ಪುಸ್ತಕವಾಗಬೇಕು, ಅದಕ್ಕೆ ಮಾಸ್ತರರ ಮುನ್ನುಡಿ ಇರಬೇಕು ಎಂಬ ಆಸೆ. ಹತ್ತನೆಯ ಇಯತ್ತೆಯಲ್ಲಿ ಅವನ ವಿಜ್ಞಾನ ಪ್ರಬಂಧದ ಮೇಲೆ ಅವರು ಕೆಂಪು ಮಸಿಯಲ್ಲಿ ‘ಕಲ್ಪನೆ ಬಹಳ, ದುಡಿಮೆ ಕಡಿಮೆ’ ಎಂದು ಬರೆದಿದ್ದರು. ಆ ಸಾಲನ್ನು ಅವರ ಕೈಯಿಂದಲೇ ಅಳಿಸಬೇಕೆಂದು ಮೂವತ್ತು ವರ್ಷದಿಂದ ಅವನ ಹಟ. ಕೇಳಿದಾಗ ಮಾಸ್ತರರು, “ಆಕೀನ್ನ ಒಮ್ಮೆ ನೆಟ್ಟಗ ಸಾಯಿಸು. ಹೊಳ್ಳಿ ಬರದಂಗ. ಆವಾಗ ಬರದು ಕೊಡ್ತೀನಿ” ಅಂದಿದ್ದರು.

ಹಾಗಾಗಿ ಇನ್ನೂರ ಹನ್ನೆರಡನೆಯ ಸಂಚಿಕೆಯಲ್ಲಿ ಸೂರ್ಯ. ಹನ್ನೊಂದನೆಯ ನೋಟುಬುಕ್ಕಿನ ಕೊನೆಯ ಪುಟದ ಕೊನೆಯ ಸಾಲು. ಹನ್ನೆರಡನೆಯದನ್ನು ಮುಟ್ಟುವುದಿಲ್ಲ ಎಂದು ಹೆಂಡತಿ ರೋಹಿಣಿಯ ಎದುರು ಅವನು ಆಣೆ ಮಾಡಿದ್ದ.

ಏಳೂ ಕಾಲಿಗೆ ಮೊಬೈಲು ಮಿನುಗಿತು. ‘ಹತ್ತಕ್ಕೆ ಒಂಬತ್ತು. ಸತ್ತವರು ಸತ್ತಹಾಗಿದ್ದಾರೆ. ಮುನ್ನುಡಿ ಸಂಜೆ ಆರಕ್ಕೆ ತರುತ್ತೇನೆ.’

ಸಿದ್ಧಾರೂಢ ಅದನ್ನು ಮೂರು ಸಲ ಓದಿ ರೋಹಿಣಿಗೆ ತೋರಿಸಿದ. ಅವಳು ಓದಿ, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

ಒಂಬತ್ತಕ್ಕೆ ಬಾಗಿಲಲ್ಲಿ ಏಳು ಜನ ಹೆಂಗಸರು ನಿಂತಿದ್ದರು. ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವವರು. ಅವರ ಮುಂದಾಳು ಮೈಲಾರವ್ವ ಗುರುವಾರ ಕೆಲಸಕ್ಕೆ ಕುಳಿತ ಕೂಡಲೇ ತನ್ನ ಮೊಬೈಲನ್ನು ಸ್ಟೀಲಿನ ಬೋಗುಣಿಯಲ್ಲಿ ಇಟ್ಟು, ದನಿ ದೊಡ್ಡದು ಮಾಡಿ ಎಲ್ಲರಿಗೂ ಕತೆ ಕೇಳಿಸುತ್ತಿದ್ದಳು. ಇಂದು ಅವರ ಕೈಯಲ್ಲಿ ಬುತ್ತಿ ಇತ್ತು. ರೊಟ್ಟಿ, ಅನ್ನ, ಬ್ಯಾಳಿ ಪಲ್ಲೆ, ಎಲ್ಲ ಡಬ್ಬಿ, ಬೋಗುಣಿಗಳಲ್ಲಿ ತುಂಬಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು.

“ಇದೇನಕ್ಕಾ?” ಅಂದ ಸಿದ್ಧಾರೂಢ.

“ಸತ್ತ ಮನ್ಯಾಗ ಒಲಿ ಹಚ್ಚಬಾರದು ತಮ್ಮಾ,” ಎನ್ನುತ್ತ ಮೈಲಾರವ್ವ ಒಳಗೆ ಬಂದಳು. “ನೀಲವ್ವಗ ತವರಮನಿ ಅಂದ್ರ ಇದ ಅಲ್ಲೇನು? ಮಾತಾಡ್ಸಿ ಹೋಗೂಣು ಅಂತ ಬಂದೇವಿ.”

“ಅಕ್ಕಾರ, ಆಕಿ ಕಥಿಯೊಳಗಿನಾಕಿ.”

“ಗೊತ್ತೈತಿ,” ಅಂದಳು ಮೈಲಾರವ್ವ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಸೆರಗು ಬಾಯಿಗೆ ಇಟ್ಟುಕೊಂಡು ಹಾಡಿ ಅಳಲು ಶುರು ಮಾಡಿದಳು. “ಮಂಗಳಗ್ರಹಕ್ಕ ಹೋಗಿ ನೀರ ತಂದಾಕಿ, ಎಲ್ಲಿ ಹೋದೆವ್ವ ನಮ್ಮವ್ವಾ.” ಉಳಿದ ಆರು ಜನ ದನಿ ಕೂಡಿಸಿದರು.

ಸಿದ್ಧಾರೂಢ ಸಹಾಯಕ್ಕೆಂದು ಅಡಿಗೆಮನೆಗೆ ಹೋದ. ರೋಹಿಣಿ ಆರಿದ ಒಲೆಯ ಮುಂದೆ ಕೈಕಟ್ಟಿ ಕುಳಿತಿದ್ದಳು.

“ಒಲಿ ಹಚ್ಚು. ಅವ್ರಿಗೆ ಚಾ ಕುಡಿಸಿ ಕಳಸೂಣು.”

“ನಾ ಹಚ್ಚಂಗಿಲ್ರಿ,” ಅಂದಳು ರೋಹಿಣಿ. “ನನಗೂ ಮುಂಜಾನಿಂದ ಗಂಟಲಾಗ ಏನೂ ಇಳೀವಲ್ದು.”

ಅಳುವ ದನಿ ಸ್ಟೇಶನ್ ರಸ್ತೆಗೆ ತಲುಪಿತು. ಅಂಗಡಿಯ ಬಾಜು ಮೊಬೈಲು ರಿಪೇರಿ ಮಾಡುವ ಸಾಧಿಕ್ ತನ್ನ ಶಟರು ಅರ್ಧ ಎಳೆದು ಓಡಿ ಬಂದ. ಅವನನ್ನು ನೋಡಿ ಉಳಿದ ಅಂಗಡಿಯವರೂ ಶಟರು ಎಳೆದರು. ಸಿದ್ಧಾರೂಢನ ಮನೆಯಲ್ಲಿ ಯಾರೋ ಹೋದರಂತೆ ಎಂದು ಸುದ್ದಿ ಹರಡಿತು. ಹತ್ತೂವರೆಗೆ ಭಜನಿ ಮೇಳದವರು ಹಾರ್ಮೋನಿಯಂ, ತಾಳ ಹಿಡಿದುಕೊಂಡು ಅಂಗಳಕ್ಕೆ ಬಂದು ಸಾಲಾಗಿ ಕುಳಿತರು.

“ಹೆಣ ಎಲ್ಲೈತ್ರಿ?” ಎಂದು ಹಾರ್ಮೋನಿಯಂ ಹಿಡಿದವನು ಮೆಲ್ಲಗೆ ಕೇಳಿದ.

“ಸೂರ್ಯನೊಳಗೈತಿ,” ಅಂದಳು ರೋಹಿಣಿ, ಬಾಗಿಲಿಗೆ ಬಂದು.

ಅವರಿಗೆ ವಿಷಯ ತಿಳಿಯಲು ಹತ್ತು ನಿಮಿಷ ಬೇಕಾಯಿತು. ತಿಳಿದ ಮೇಲೆ ಹೋಗುತ್ತಾರೆ ಎಂದು ಸಿದ್ಧಾರೂಢ ಕಾದ. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. “ಹೆಂಗೂ ಬಂದೇವಿ. ಆಕೀದು ನಾವೂ ಕೇಳ್ತಿದ್ವಿ. ಎರಡು ಪದ ಹಾಡೇ ಹೋಗ್ತೀವಿ,” ಎಂದು ತಾಳ ಹಾಕಿದರು. ಎರಡು ಪದ ಹನ್ನೊಂದು ಪದವಾಯಿತು.

ಮಧ್ಯಾಹ್ನದ ಹೊತ್ತಿಗೆ ಸಿದ್ಧಾರೂಢನಿಗೆ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕುಳಿತವನ ಹತ್ತಿರ ಸಾಧಿಕ್ ಬಂದು ಕುಳಿತ.

“ಸಿದ್ದಣ್ಣ, ಇದೇನ್ ದೊಡ್ಡದಲ್ಲ. ನಾ ಆಡೋ ಮೊಬೈಲ್ ಆಟದಾಗ ಹಿಂಗ ಆಗತೈತಿ. ಒಂದನೇ ಭಾಗ ಮುಗಿಯೂದ್ರಾಗ ಹೀರೋ ಗುಡ್ಡಾ ಎತ್ತಿ ಒಗೀತಿರ್ತಾನ. ಎರಡನೇ ಭಾಗ ಸುರು ಆಗೂದ ತಡ, ತಲಿಗೆ ಪೆಟ್ಟು ಬಿದ್ದು ಎಲ್ಲಾ ಮರತಿರ್ತಾನ. ಕೈಯಾಗ ಒಂದು ಬಡಿಗಿ ಹಿಡಕೊಂಡು ಮತ್ತ ಮೊದಲಿಂದ. ಐದು ಭಾಗ ಬಂದ್ವು. ಐದೂ ಸಲ ತಲಿಗೇ ಪೆಟ್ಟು.”

“ಬ್ಯಾಸರ ಬರಂಗಿಲ್ಲೇನು ನಿನಗ?”

“ಬರತೈತಿ. ಆರನೇದ್ದು ಯಾವಾಗ ಬರತೈತಿ ಅಂತ ಕಾಯಾಕತ್ತೇನಿ.”

“ನೆನಪು ಹೋಗೂದು ಎಪ್ಪತ್ತನೇ ಸಂಚಿಕ್ಯಾಗ ಮಾಡೇನಿ,” ಅಂದ ಸಿದ್ಧಾರೂಢ. “ಮಾಸ್ತರು ಅರ್ಧ ಅಂಕ ಕೊಟ್ಟಿದ್ರು. ಈ ಸಲ ಇಲ್ಲ. ಸಂಜಿಕ ಮುನ್ನುಡಿ ಬರತೈತಿ. ಅಲ್ಲೀತನಕ ತಡಕೋತೀನಿ.”

ತಡೆದುಕೊಳ್ಳುತ್ತಲೂ ಇದ್ದ. ಕೆಡಿಸಿದವಳು ಮೈಲಾರವ್ವ. ಎರಡು ಗಂಟೆಗೆ ಅವಳು ಒಂದು ತಟ್ಟೆಯಲ್ಲಿ ರೊಟ್ಟಿ, ಪಲ್ಲೆ ಹಾಕಿಕೊಂಡು ಹಿತ್ತಲಿಗೆ ಬಂದಳು. ತಾನು ಅಳಿಸಿದವರ ಕೈಯಿಂದಲೇ ಊಟ ಮಾಡುವುದು ಸಿದ್ಧಾರೂಢನಿಗೆ ಕಷ್ಟವಾಯಿತು.

“ನಿನಗ ಸಿಟ್ಟು ಬಂದೈತೇನು ತಮ್ಮಾ?” ಅಂದಳು.

“ಸಿಟ್ಟಲ್ಲಕ್ಕಾ. ನೀವೇನು ಸಣ್ಣವ್ರಲ್ಲ. ಅವಳಿ ತಂಗಿ, ಕನಸು, ಅವೆಲ್ಲ ನಾ ತಲಿ ಓಡದಾಗ ಮಾಡಿದ್ದು. ಸುಳ್ಳು ಅಂತ ನಿಮಗ ಗೊತ್ತಾಗ್ತಿರಲಿಲ್ಲೇನು?”

“ಗೊತ್ತಾಗ್ತಿತ್ತು. ತೊಟ್ಟು ಬಿಡಸ್ಕೋತ ನಗ್ತಿದ್ವಿ. ಸಿದ್ಧಾರೂಢ ಮತ್ತ ಏನರ ಹಂಚಿಕಿ ಹಾಕ್ತಾನ ನೋಡ್ರಿ ಅಂತಿದ್ವಿ.” ಮೈಲಾರವ್ವ ತಟ್ಟೆಯನ್ನು ಅವನ ಕಡೆ ಸರಿಸಿದಳು. “ನಮ್ಮ ಮನಿಯವ್ರು ಹೋಗಿ ಆರು ವರ್ಷಾತು. ಅಲ್ಲಿ ಕುಂತ ಏಳು ಮಂದ್ಯಾಗ ಐದು ಮಂದಿಗಿ ಒಬ್ಬೊಬ್ರು ಹೋಗ್ಯಾರ. ಯಾರೂ ಹೊಳ್ಳಿ ಬರ್ಲಿಲ್ಲ. ಈಕಿ ಒಬ್ಬಾಕಿ ಬರ್ತಿದ್ಲು. ಸುಳ್ಳಾದ್ರೂ ಯಾಕಾಗವಲ್ದು.”

ಅಷ್ಟೇ ಹೇಳಿ ಅವಳು ಒಳಗೆ ಹೋದಳು. ಸಿದ್ಧಾರೂಢ ತುತ್ತು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತ. ಮುನ್ನುಡಿ ಅವನ ಕಣ್ಣಮುಂದೆ ಬಂತು. ಮಾಸ್ತರರ ದುಂಡನೆಯ ಅಕ್ಷರವೂ ಬಂತು. ಆದರೂ ಎದ್ದು ಅಡಿಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಆರಿದ ಒಲೆಯ ಪಕ್ಕ ಕುಳಿತು ಮೊಬೈಲು ಬಾಯಿಯ ಹತ್ತಿರ ಹಿಡಿದ. ಬರೆದುಕೊಳ್ಳಲು ನೋಟುಬುಕ್ಕೂ ಇರಲಿಲ್ಲ.

ಸೂರ್ಯನೊಳಗೆ ಬಿದ್ದ ನೀಲವ್ವ ಸುಟ್ಟುಹೋಗಲಿಲ್ಲ. ಬೀಳುತ್ತ ಬೀಳುತ್ತ ಆಚೆ ಹೊರಬಿದ್ದಳು. ಸೂರ್ಯನ ಬೆನ್ನ ಹಿಂದೆ ಇನ್ನೊಂದು ಗುಡಗೇರಿ ಇತ್ತು. ಅದೇ ಸ್ಟೇಶನ್ನು, ಅದೇ ಸಂತೆ, ಅದೇ ಬೇವಿನ ಮರ. ಒಂದೇ ವ್ಯತ್ಯಾಸ: ಈ ಗುಡಗೇರಿಯಲ್ಲಿ ಸತ್ತವರೆಲ್ಲ ಆ ಗುಡಗೇರಿಯಲ್ಲಿ ಇದ್ದರು. ನೀಲವ್ವ ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಕುಳಿತು ಚಹಾ ಕುಡಿದಳು.

ಇದಕ್ಕಿಂತ ಅಗ್ಗದ ಉಪಾಯ ಇನ್ನೂರ ಹನ್ನೆರಡು ಸಂಚಿಕೆಗಳಲ್ಲಿ ಅವನು ಮಾಡಿರಲಿಲ್ಲ. ಕಣ್ಣು ಮುಚ್ಚಿ ಗುಂಪಿಗೆ ಕಳಿಸಿದ.

ಪಡಸಾಲೆಯಲ್ಲಿ ಬೋಗುಣಿಯೊಳಗಿಂದ ಅವನ ದನಿ ಕೇಳಿತು. ಹತ್ತು ನಿಮಿಷ ಎಲ್ಲರೂ ಬೋಗುಣಿಯ ಕಡೆ ಬಾಗಿ ಕೇಳಿದರು. ಆಮೇಲೆ ಮೈಲಾರವ್ವ ಎದ್ದು ಬಂದು ತಾನೇ ಕಡ್ಡಿ ಗೀರಿ ಒಲೆ ಹಚ್ಚಿದಳು. ಏಳು ಜನವೂ ಚಹಾ ಕುಡಿದು, ಖಾಲಿ ಡಬ್ಬಿ ಬೋಗುಣಿ ತೊಳೆದುಕೊಂಡು, ನಗುತ್ತ ಗೋದಾಮಿಗೆ ಹೋದರು. ಸಾಧಿಕ್ ಶಟರು ತೆಗೆದ.

ಮಾಸ್ತರರಿಂದ ಮಾತ್ರ ಅಂಕ ಬರಲಿಲ್ಲ.

ಆರಕ್ಕೆ ಸರಿಯಾಗಿ ಅವರ ಸೈಕಲ್ಲು ಅಂಗಳದಲ್ಲಿ ನಿಂತಿತು. ಕೈಯಲ್ಲಿ ನಾಲ್ಕು ಹಾಳೆ ಇದ್ದವು, ಎರಡೂ ಬದಿ ತುಂಬ ಬರೆದಿದ್ದರು. ಸಿದ್ಧಾರೂಢ ಹತ್ತನೆಯ ಇಯತ್ತೆಯಲ್ಲಿ ನಿಂತಹಾಗೆ ಕೈಕಟ್ಟಿ ನಿಂತ.

“ಹತ್ತಕ್ಕ ಸೊನ್ನಿ,” ಅಂದರು ಮಾಸ್ತರರು.

“ಹೌದ್ರಿ ಸರ್.”

“ಸೂರ್ಯನ ಮೈಮ್ಯಾಲೆ ಎಷ್ಟು ಬಿಸಿ ಇರತೈತಿ?”

“ಐದೂವರಿ ಸಾವಿರ ಡಿಗ್ರಿರಿ.”

“ನೆನಪೈತಿ. ಅದರಾಗಿಂದ ಹಾದು ಬಂದಾಕಿ ಚಾ ಕುಡೀತಾಳ. ಬಿಸಿ ಚಾ.”

“ತಪ್ಪಾತ್ರಿ ಸರ್.”

ಮಾಸ್ತರರು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಹೋಗುತ್ತಾರೆಂದು ಸಿದ್ಧಾರೂಢ ತಲೆ ತಗ್ಗಿಸಿದ. ಅವರು ಹೋಗಲಿಲ್ಲ. ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಒರೆಸುತ್ತ ನಿಂತರು.

“ಆಕಡಿ ಗುಡಗೇರ್ಯಾಗ ಎಲ್ಲಾ ಇಲ್ಲಿದ್ದಂಗ ಐತಿ ಅಂದಿ ಅಲ್ಲ?”

“ಹೌದ್ರಿ.”

“ಸ್ಟೇಶನ್ ಹಿಂದ ನಮ್ಮ ಮನೀನೂ?”

“ಐತ್ರಿ ಸರ್.”

ಮಾಸ್ತರರು ಗಂಟೆಯಿಂದ ಬೆರಳು ತೆಗೆದರು. “ನೀಲವ್ವ ಮುಂದಿನ ವಾರ ಆ ಹಾದಿಗುಂಟ ಹೋದ್ರ, ಒಮ್ಮೆ ಬಾಗಲಾ ಬಡೀಲಿ. ಒಳಗ ಒಬ್ಬಾಕಿ ಇರ್ತಾಳ. ಈಕಡಿ ಕರಕೊಂಡು ಬರೂದು ಬ್ಯಾಡ, ಅದು ಸೋಮಾರಿತನ. ಹ್ಯಾಂಗದಾಳ ಅಂತ ಹೇಳಿದ್ರ ಸಾಕು.”

ಸಿದ್ಧಾರೂಢನಿಗೆ ಅಜೀಜಾಬಿಯ ನೆನಪಾಯಿತು. ಸೊನ್ನೆ ಕೊಡುತ್ತ ಕೊಡುತ್ತ ನಾಲ್ಕು ವರ್ಷ ಇವರು ಯಾಕೆ ಕೇಳಿದರು ಎಂಬುದು ಅವನಿಗೆ ಈಗ ಹೊಳೆಯಿತು. ಅವರು ಸೈಕಲ್ಲು ತಿರುಗಿಸಿದಾಗ ಮಾತ್ರ, “ಸರ್, ಮುನ್ನುಡಿ?” ಅಂದ.

“ಮುಗದ ಕಥಿಗಿ ಮುನ್ನುಡಿ ಬರೀತಾರ. ಇದು ಮುಗದಿಲ್ಲ.” ಒಂದು ಕಾಲನ್ನು ಪೆಡಲಿನ ಮೇಲಿಟ್ಟು ಮಾಸ್ತರರು ಅವನ ಮುಖ ನೋಡಿದರು. “ಲಗೂನ ಮುಗಸಬ್ಯಾಡ.”

ಮುನ್ನುಡಿ ಹೋಯಿತು, ಪುಸ್ತಕ ಹೋಯಿತು, ಕೆಂಪು ಮಸಿಯ ಸಾಲು ಹಾಗೆಯೇ ಉಳಿಯಿತು. ಸಿದ್ಧಾರೂಢ ಅಂಗಡಿಯ ಬೀಗ ತೆಗೆದು, ಮಾರಲು ಇಟ್ಟಿದ್ದ ನೋಟುಬುಕ್ಕುಗಳಲ್ಲಿ ದಪ್ಪನೆಯದೊಂದನ್ನು ಎಳೆದುಕೊಂಡ. ಮೊದಲ ಪುಟದಲ್ಲಿ ‘ಸಂಚಿಕೆ ಇನ್ನೂರ ಹದಿನಾಲ್ಕು’ ಎಂದು ಬರೆಯುವಷ್ಟರಲ್ಲಿ ಮೊಬೈಲು ಮಿನುಗಿತು. ಮಾಸ್ತರರು.

‘ಒಂದು ತಿದ್ದುಪಡಿ. ಆಕೆ ಬಂದವರಿಗೆ ಚಹಾ ಮಾಡುತ್ತಾಳೆ. ಸಕ್ಕರೆ ಹಾಕುವುದಿಲ್ಲ. ಬೆಲ್ಲ.’